ಎಂಟು ಪಾಯಿಂಟ್ ನಾಲ್ಕು

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಾ ಕೂತಿದ್ದೆ. ಸುಮ್ನೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ಆಮೇಲೆ ಒಂದು ಹಿಡಿ. ಹಲ್ಲಿಗೆ ಕಟಕಟ ಅನ್ನುವ ಸದ್ದು, ಅಗಿದಂತೆಲ್ಲ ಹಾಲಿನ ಹಾಗೆ ಬಿಡುವ ರುಚಿ. ಅದೇ ಬೇಕು ಅನ್ನಿಸಿತು. ರೊಟ್ಟಿಯ ವಾಸನೆಗೇ ವಾಂತಿ ಬರುತ್ತಿದ್ದ ದಿನಗಳು ಅವು. ಅಕ್ಕಿ ಮಾತ್ರ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು.

ಆಗ ನನಗೆ ಎರಡೂವರೆ ತಿಂಗಳು. ಮೊದಲ ಬಸುರು.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ಮಾವನವರಿಗೆ ಇಲ್ಲಿ ಸೈಟ್ ಸಿಕ್ಕಿತ್ತು. ಅತ್ತೆ, ಮಾವ, ಬಸ್ ಕಂಡಕ್ಟರ್ ಆಗಿರುವ ನಮ್ಮ ಮನೆಯವರು, ಓದುತ್ತಿರುವ ಮೈದುನ, ನಾನು. ಒಟ್ಟು ಐದು ಮಂದಿ. ನಾನು ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕ್ಲರ್ಕ್. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಆದರೆ ಬಸುರಿ ಹೊಟ್ಟೆ ಹೊತ್ತು ಆ ಬಿಸಿಲಲ್ಲಿ ನಡೆದು ಬರುವುದು ಬೇರೆಯೇ. ಆಫೀಸಿನ ಹದಿನೆಂಟು ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತಿತ್ತು. ಎಲ್ಲರೂ ಹೇಳುವುದು ಒಂದೇ ಮಾತು, ಬಸುರಿನಲ್ಲಿ ಹೀಗೇ ಆಗುತ್ತೆ. ನಾನೂ ಹಾಗೇ ಅಂದುಕೊಂಡೆ.

ಕೊನೆಯ ಮುಟ್ಟು ಮಾರ್ಚ್ 14ಕ್ಕೆ. ಎಂಟನೇ ವಾರದಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗಿ ಹೆಸರು ಬರೆಸಿದೆ. ತಾಯಿ ಕಾರ್ಡ್ ಕೊಟ್ಟರು. ಹೆರಿಗೆ ತಾರೀಖು ಹಾಕುವ ಲೆಕ್ಕ ಅಲ್ಲಿನ ಸಿಸ್ಟರ್ ಬೆರಳಲ್ಲೇ ಮಾಡಿ ತೋರಿಸಿದರು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು, ಮೇಲೆ ಏಳು ದಿನ. ಡಿಸೆಂಬರ್ 21. ಅದನ್ನು ಕಾರ್ಡಿನ ಮೇಲೆ ಬರೆದಾಗ ಮೊದಲ ಸಲ ಇದು ನಿಜ ಅನ್ನಿಸಿತು. ರಕ್ತದ ಗುಂಪು, ಥೈರಾಯ್ಡ್, ಸಕ್ಕರೆ, ಎಲ್ಲ ನೋಡಿದರು. ಹಿಮೋಗ್ಲೋಬಿನ್ 10.4 ಇತ್ತು. ಬಸುರಿಗೆ 11 ಇರಬೇಕು, ಸ್ವಲ್ಪ ಕಡಿಮೆ ಇದೆ, ಚೆನ್ನಾಗಿ ಊಟ ಮಾಡಿ ಅಂದರು. ಫೋಲಿಕ್ ಆಸಿಡ್ ಗುಳಿಗೆ ಕೊಟ್ಟರು. ಮೂರು ತಿಂಗಳು ತುಂಬಿದ ಮೇಲೆ ದಿನಕ್ಕೊಂದು ಕಬ್ಬಿಣದ ಗುಳಿಗೆ ಶುರು ಮಾಡಲು ಹೇಳಿದರು.

ಊಟ ಎಲ್ಲಿ ಮಾಡುವುದು? ಜೂನ್ ತನಕ ವಾಂತಿ. ಕಬ್ಬಿಣದ ಗುಳಿಗೆ ಶುರು ಮಾಡಿದರೆ ಅದರಿಂದಲೂ ಹೊಟ್ಟೆ ತೊಳಸುವುದು, ಮಲಬದ್ಧತೆ. ಎರಡು ದಿನ ತಗೊಂಡೆ, ಮೂರು ದಿನ ಬಿಟ್ಟೆ. ಸ್ಟ್ರಿಪ್ ಹಾಗೇ ಡಬ್ಬಿಯಲ್ಲಿ ಉಳಿಯಿತು. ಯಾರಿಗೂ ಹೇಳಲಿಲ್ಲ.

ಅಕ್ಕಿಯ ಜೊತೆಗೆ ಮಣ್ಣು ಬಂತು. ಜೂನಿನ ಮೊದಲ ಮಳೆ ಬಿದ್ದ ದಿನ ಅಂಗಳದಲ್ಲಿ ನಿಂತು ಆ ವಾಸನೆಗೆ ಅಳು ಬರುವಷ್ಟು ಆಸೆಯಾಯಿತು. ತುಳಸಿ ಕಟ್ಟೆಯ ಮಣ್ಣನ್ನು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡೆ. ಆಮೇಲೆ ಪಕ್ಕದ ಮನೆಯ ಹುಡುಗಿಯ ಪಾಟಿ ಬಳಪ. ಆಫೀಸಿಗೆ ಹೋಗುವಾಗ ಅಂಗಡಿಯಲ್ಲಿ ಬಳಪದ ಡಬ್ಬಿ ತಗೊಂಡು ಪರ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ನೆರೆಮನೆಯ ಹೆಂಗಸರಿಗೆ ಗೊತ್ತಾಗಿ ನಕ್ಕರು. "ಬಸರ ಬಯಕಿ ಅದು. ನಾವೂ ತಿಂದೇವಿ. ಮಣ್ಣ ಬಯಸಿದ್ರ ಗಂಡು ಕೂಸು" ಅಂದರು. ಅದು ಬಯಕೆ ಅಂತಲೇ ನಾನೂ ನಂಬಿದೆ. ಇದನ್ನು ಬರೆಯುತ್ತಿರುವುದಕ್ಕೆ ಮುಖ್ಯ ಕಾರಣ ಇದೇ. ಅಕ್ಕಿ, ಮಣ್ಣು, ಬಳಪ, ಸುಣ್ಣ, ಬರ್ಫ, ಇಂಥವನ್ನು ತಿನ್ನಬೇಕು ಅನ್ನಿಸಿದರೆ ದಯವಿಟ್ಟು ರಕ್ತ ಪರೀಕ್ಷೆ ಮಾಡಿಸಿ. ಮೈಯಲ್ಲಿ ಕಬ್ಬಿಣ ಕಡಿಮೆಯಾದಾಗ ಇಂಥ ಆಸೆ ಹುಟ್ಟುವುದು ಉಂಟು. ಮಣ್ಣು ತಿಂದರೆ ಹೊಟ್ಟೆಯಲ್ಲಿ ಹುಳ ಆಗಬಹುದು, ಅದರಿಂದ ರಕ್ತ ಇನ್ನೂ ಇಳಿಯುತ್ತದೆ.

ಆಗಸ್ಟ್ 1ಕ್ಕೆ ಇಪ್ಪತ್ತು ವಾರ ತುಂಬಿತು. ಕೂಸಿನ ಅಂಗಾಂಗ ನೋಡುವ ದೊಡ್ಡ ಸ್ಕ್ಯಾನ್ ಆ ವಾರ. ನಮ್ಮ ಮನೆಯವರು ಡ್ಯೂಟಿ ಬದಲಿಸಿಕೊಂಡು ಬಂದಿದ್ದರು. ಭ್ರೂಣದ ಲಿಂಗ ತಿಳಿಸುವುದು ಅಪರಾಧ ಅನ್ನುವ ಬೋರ್ಡಿನ ಕೆಳಗೇ ಕೂತು ಒಬ್ಬ ಅಜ್ಜಿ ನನ್ನ ಹೊಟ್ಟೆ ನೋಡಿ ಗಂಡು ಅಂತ ತೀರ್ಪು ಕೊಟ್ಟರು. ನಮ್ಮವರು ಮೆಲ್ಲಗೆ, "ಯಾವ್ದರ ಆಗ್ಲಿ ಆಯಿ, ಆರಾಮ ಇದ್ರ ಸಾಕು" ಅಂದರು. ಆ ಮಾತು ನನಗೆ ಈಗಲೂ ಬೇಕಾದಾಗಲೆಲ್ಲ ನೆನಪಾಗುತ್ತದೆ. ಒಳಗೆ ತೆರೆಯ ಮೇಲೆ ಬೆನ್ನುಮೂಳೆ ಕಂಡಿತು. ಸಣ್ಣ ಮುತ್ತಿನ ಸರದ ಹಾಗೆ. ಹೃದಯದ ನಾಲ್ಕು ಕೋಣೆ ತೋರಿಸಿದರು. ಎಲ್ಲ ಸರಿ ಇದೆ.

ಕೂಸಿಗೆ ಎಲ್ಲ ಸರಿ ಇತ್ತು. ನನ್ನ ರಕ್ತದ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 8.4 ಅಂತ ಇತ್ತು. ತೂಕ ಹೆಚ್ಚಿದ್ದು ಎರಡೇ ಕಿಲೋ.

ಡಾಕ್ಟರ್ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಉಗುರು ನೋಡಿದರು. ಬೈಯಲಿಲ್ಲ. ಅಲ್ಲಿದ್ದ ವಯಸ್ಸಾದ ಸಿಸ್ಟರ್ ಒಬ್ಬರು ಒಂದೇ ಪ್ರಶ್ನೆ ಕೇಳಿದರು. "ಮನ್ಯಾಗ ಉಣ್ಣೂದು ಯಾವಾಗ ನೀ?"

"ರಾತ್ರಿ ಹತ್ತಕ್ಕ" ಅಂದೆ.

"ಟೈಮ್ ಅಲ್ಲ ಕೇಳಿದ್ದು. ಯಾರು ಉಂಡ ಮ್ಯಾಲೆ?"

ನಾನು ಸುಮ್ಮನಾದೆ. ನಮ್ಮ ಮನೆಯಲ್ಲಿ ಮೊದಲು ಮಾವ, ಮೈದುನ. ಆಮೇಲೆ ನಮ್ಮವರು ಡ್ಯೂಟಿಯಿಂದ ಬಂದರೆ ಅವರು. ಕೊನೆಗೆ ಒಲೆಯ ಮುಂದೆ ಅತ್ತೆ ಮತ್ತು ನಾನು. ಯಾರೂ ಹೀಗೇ ಅಂತ ಕಟ್ಟು ಮಾಡಿರಲಿಲ್ಲ. ಬಿಸಿ ರೊಟ್ಟಿ ಬಡಿದು ಬಡಿಸುವ ಮನೆಯಲ್ಲಿ ಬಡಿಯುವವರು ಕೊನೆಗೆ ಉಣ್ಣುತ್ತಾರೆ, ಅಷ್ಟೇ. ತವರಲ್ಲೂ ಅವ್ವ ಹೀಗೇ ಉಣ್ಣುವುದನ್ನು ನೋಡಿ ಬೆಳೆದವಳು ನಾನು. ನಮ್ಮ ಪಾಳಿ ಬರುವ ಹೊತ್ತಿಗೆ ಕಾಳಿನ ಪಲ್ಯ ಮುಗಿದಿರುತ್ತಿತ್ತು. ಮಡಕಿ ಕಾಳಿನ ಪಾತ್ರೆಯ ತಳಕ್ಕೆ ಒಂದು ತುಂಡು ರೊಟ್ಟಿ ಒರೆಸಿಕೊಂಡು, ಶೇಂಗಾ ಚಟ್ನಿ, ಮಜ್ಜಿಗೆ ಹಾಕಿಕೊಂಡು ಮುಗಿಸುತ್ತಿದ್ದೆವು. ಬಸುರಿಯಾದ ಮೇಲೂ ಅದೇ ನಡೆದಿತ್ತು. ನನಗೇ ಅದು ಕಂಡಿರಲಿಲ್ಲ.

ಹೊರಗೆ ಬಂದ ಮೇಲೆ ನಮ್ಮವರು ಬಹಳ ಹೊತ್ತು ಮಾತಾಡಲಿಲ್ಲ. ಗಾಡಿ ಸ್ಟಾರ್ಟ್ ಮಾಡುವ ಮೊದಲು, "ಎರಡ ವರ್ಷ ಆತು. ನೀ ಏನ ಉಣ್ತಿ ಅಂತ ಒಂದ ದಿನಾನೂ ನೋಡಿಲ್ಲ ನಾ" ಅಂದರು.

ಅತ್ತೆಗೆ ಹೇಳುವುದು ನನಗೆ ಕಷ್ಟವಾಯಿತು. ಅವರು ನನ್ನನ್ನು ಉಪವಾಸ ಕೆಡವಿದವರಲ್ಲ. ನನ್ನ ಜೊತೆಗೇ ಅದೇ ತಳದ ಪಲ್ಯ ಉಂಡವರು. ರಿಪೋರ್ಟ್ ವಿಷಯ ಕೇಳಿ ಮೊದಲು ಅವರಿಗೆ ಸಿಟ್ಟು ಬಂತು. "ನಮ್ಮ ಕಾಲಕ್ಕ ಯಾವ ಪಾಯಿಂಟಿತ್ತು? ನಾವೇನ ಹಡೀಲಿಲ್ಲೇನು?" ಅಂದು ಹಿತ್ತಲಿಗೆ ಹೋದರು. ಆ ರಾತ್ರಿ ರೊಟ್ಟಿ ಬಡಿಯುವಾಗ ಅವರೇ ಮಾತು ತೆಗೆದರು. ಅವರ ಅತ್ತೆ ಏಳು ತಿಂಗಳ ಮೇಲೆ ಊಟ ಕಡಿಮೆ ಮಾಡಿಸುತ್ತಿದ್ದರಂತೆ. ಬಸುರಿ ಜಾಸ್ತಿ ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ತ್ರಾಸಾಗುತ್ತೆ ಅನ್ನುವ ಮಾತು ನಮ್ಮ ಕಡೆ ಇನ್ನೂ ಇದೆ. ಮೊದಲ ಹೆರಿಗೆಯಲ್ಲಿ ಅತ್ತೆಗೆ ರಕ್ತ ನಿಲ್ಲಲಿಲ್ಲ. ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಹೋದರಂತೆ. ಕೂಸು ಉಳಿಯಲಿಲ್ಲ. ನಮ್ಮ ಮನೆಯವರು ಎರಡನೆಯವರು. ಮೊದಲನೆಯದು ಒಂದಿತ್ತು ಅಂತ ನನಗೆ ಗೊತ್ತಾಗಿದ್ದೇ ಆ ರಾತ್ರಿ. ಅತ್ತೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಾ, ನನ್ನ ಮುಖ ನೋಡದೆ ಹೇಳಿದರು. ಕೈ ಒಂದು ಸಲವೂ ನಿಲ್ಲಲಿಲ್ಲ.

ರಕ್ತ ಕಡಿಮೆ ಇದ್ದವಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆಯಲು ಆಗುವುದಿಲ್ಲ, ಕೂಸು ತೂಕ ಕಡಿಮೆ ಹುಟ್ಟಬಹುದು, ದಿನ ತುಂಬುವ ಮೊದಲೇ ಹುಟ್ಟಬಹುದು ಅಂತ ಡಾಕ್ಟರ್ ಹೇಳಿದ್ದನ್ನು ನಾನು ಆಗ ಅತ್ತೆಗೆ ಹೇಳಿದೆ. ಅವರು ಹಂಚಿನಿಂದ ತೆಗೆದ ರೊಟ್ಟಿಯನ್ನು ಮಾವನ ತಾಟಿಗೆ ಕಳಿಸಲಿಲ್ಲ. ನನ್ನ ಮುಂದೆ ಇಟ್ಟರು. "ಉಣ್ಣ ಮೊದಲ" ಅಂದರು.

ಹಾಗೆ ಶುರುವಾಯಿತು. ಮೊದಮೊದಲು ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಾವ ಹಜಾರದಲ್ಲಿ ಟಿವಿ ನೋಡುತ್ತಾ ಕಾಯುತ್ತಿರುವಾಗ ನಾನು ಒಲೆಯ ಮುಂದೆ ಕೂತು ಉಣ್ಣುವುದು ಅಂದರೆ! ಮೂರನೇ ದಿನ ಮಾವನೇ ಎದ್ದು ಒಳಗೆ ಬಂದು, ತಾಟು ಹಿಡಿದು ನನ್ನ ಎದುರು ಕೂತರು. ಆಮೇಲೆ ಎಲ್ಲರೂ ಅಡುಗೆಮನೆಯಲ್ಲೇ ಕೂರುವುದು ರೂಢಿಯಾಯಿತು. ರೊಟ್ಟಿ ಮೊದಲೇ ಬಡಿದು ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಇಡುವುದು, ಎಲ್ಲರೂ ಒಟ್ಟಿಗೆ ಉಣ್ಣುವುದು. ಬಿಸಿ ರೊಟ್ಟಿ ಇಲ್ಲ ಅಂತ ಮೈದುನ ಒಂದೆರಡು ದಿನ ಗೊಣಗಿದ, ಆಮೇಲೆ ಒಗ್ಗಿಕೊಂಡ.

ಗುಳಿಗೆಯ ಕಥೆ ಬೇರೆ. ಡಾಕ್ಟರ್ ದಿನಕ್ಕೆ ಎರಡು ಮಾಡಿದ್ದರು. ಜೊತೆಗೆ ಜಂತುಹುಳದ ಗುಳಿಗೆ ಒಂದು ಸಲ. ನಾನು ಮಾಡುತ್ತಿದ್ದ ದೊಡ್ಡ ತಪ್ಪು ಚಹಾ. ಬೆಳಿಗ್ಗೆ ಗುಳಿಗೆ ನುಂಗಿ ಮೇಲೆ ಚಹಾ. ಆಫೀಸಲ್ಲಿ ಊಟ ಆದ ಕೂಡಲೇ ಚಹಾ. ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಊಟಕ್ಕೂ ಗುಳಿಗೆಗೂ ಚಹಾ ಒಂದೆರಡು ತಾಸು ದೂರ ಇರಬೇಕು. ಕ್ಯಾಲ್ಸಿಯಂ ಗುಳಿಗೆಯನ್ನೂ ಇದರ ಜೊತೆ ನುಂಗಬಾರದು, ಒಂದು ಬೆಳಿಗ್ಗೆ ಆದರೆ ಇನ್ನೊಂದು ರಾತ್ರಿ. ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡರೆ ಒಳ್ಳೆಯದು. ಮಲ ಕಪ್ಪಗಾಗುತ್ತೆ, ಅದಕ್ಕೆ ಹೆದರಬೇಕಿಲ್ಲ. ಇದನ್ನೆಲ್ಲ ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು ನನಗೆ. ಗುಳಿಗೆ ಕೊಡುವಾಗ ಐದು ನಿಮಿಷ ಮಾತಾಡುವುದು ಗುಳಿಗೆಯಷ್ಟೇ ಮುಖ್ಯ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಓಣಿಯ ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಬಂದು ಖಾಲಿ ಸ್ಟ್ರಿಪ್ ತೋರಿಸು ಅನ್ನುತ್ತಿದ್ದರು. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಇದೆ, ಹೋಗು ಅಂದರು. ಕೆಲಸದ ಹೊತ್ತಿಗೆ ಹೊಂದಲಿಲ್ಲ ನನಗೆ. ಶನಿವಾರ ಒಂದೆರಡು ಸಲ ಹೋದೆ. ಅನ್ನ, ಸಾಂಬಾರು, ಮೊಟ್ಟೆ, ಹಾಲು. ಅಲ್ಲಿ ಐದಾರು ಬಸುರಿಯರು ಸಾಲಾಗಿ ಕೂತು ಉಣ್ಣುವುದನ್ನು ನೋಡಿದೆ. ಯಾರೂ ಅವಸರ ಮಾಡುತ್ತಿರಲಿಲ್ಲ.

ಮನೆಯಲ್ಲಿ ಅತ್ತೆ ಸೊಪ್ಪಿನ ಹಿಂದೆ ಬಿದ್ದರು. ಪುಂಡಿಪಲ್ಯ, ಕಿರಕಸಾಲಿ, ಹತ್ತರಕಿ, ರಾಜಗಿರಿ. ಹೆಸರುಕಾಳು, ಮಡಕಿ ಕಾಳಿಗೆ ಮೊಳಕೆ ಬರಿಸಿ ನಿಂಬೆ ಹಿಂಡಿ ಕೊಡುತ್ತಿದ್ದರು. ಸಜ್ಜಿ ರೊಟ್ಟಿ ಉಷ್ಣ ಅಂತ ಮೊದಲು ಬೇಡ ಅಂದವರು, ಡಾಕ್ಟರ್ ತಿನ್ನಬಹುದು ಅಂದ ಮೇಲೆ ಎಳ್ಳು ಹಚ್ಚಿ ಮಾಡಿಕೊಟ್ಟರು. ಪಂಚಮಿಗೆ ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳಿಟ್ಟು. ಅಡುಗೆಮನೆಯ ಮಾಡದಲ್ಲಿ ನನ್ನದೇ ಒಂದು ಡಬ್ಬಿ ಇಟ್ಟರು. ಅದಕ್ಕೆ ಮೈದುನ ಕೈ ಹಾಕಿದರೆ ಮನೆಯೇ ಹಾರಿಹೋಗುವಂತೆ ಕೂಗುತ್ತಿದ್ದರು.

ಸೆಪ್ಟೆಂಬರಿನಲ್ಲಿ ಮತ್ತೆ ರಕ್ತ ನೋಡಿದರು. 8.9. ಇಷ್ಟೆಲ್ಲ ಮಾಡಿಯೂ ಅರ್ಧ ಪಾಯಿಂಟ್! ನಾನು ಅಲ್ಲೇ ಅತ್ತುಬಿಟ್ಟೆ. ತಿಂಗಳಿಗೆ ಕನಿಷ್ಠ ಒಂದು ಏರಬೇಕು, ಏರದಿದ್ದರೆ ಗುಳಿಗೆ ನೆಚ್ಚಿಕೊಂಡು ಕೂರುವುದು ಬೇಡ ಅಂತ ಡಾಕ್ಟರ್ ಕಬ್ಬಿಣದ ಇಂಜೆಕ್ಷನ್ ಬರೆದರು. ಐರನ್ ಸುಕ್ರೋಸ್. ಸಲೈನಿನಲ್ಲಿ ಸೇರಿಸಿ ನಿಧಾನವಾಗಿ ಬಿಡುತ್ತಾರೆ. ಒಂದು ಸಲಕ್ಕೆ 200 ಮಿಲಿಗ್ರಾಂ, ದಿನ ಬಿಟ್ಟು ದಿನ, ನನಗೆ ಐದು ಸಲ. ಬಾಟಲಿಯ ನೀರು ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಬಾಯಲ್ಲಿ ನಾಣ್ಯ ಇಟ್ಟುಕೊಂಡ ಹಾಗೆ ರುಚಿ ಬರುತ್ತದೆ. ಬೇರೇನೂ ಆಗಲಿಲ್ಲ ನನಗೆ. ಆದರೂ ಮನೆಯಲ್ಲಿ ಕೊಡುವಂಥದ್ದಲ್ಲ ಅದು, ಆಸ್ಪತ್ರೆಯಲ್ಲೇ ಆಗಬೇಕು, ಮುಗಿದ ಮೇಲೂ ಅರ್ಧ ತಾಸು ಕೂರಿಸಿ ನೋಡುತ್ತಾರೆ.

ಐದೂ ಸಲ ಅತ್ತೆ ಜೊತೆಗೆ ಬಂದರು. ಮೂರನೇ ಸಲ ಬಾಟಲಿ ಇಳಿಯುವುದನ್ನು ನೋಡುತ್ತಾ ಕೂತವರು ಅಲ್ಲೇ ಕುರ್ಚಿಯಲ್ಲಿ ನಿದ್ದೆ ಹೋದರು. ಮಧ್ಯಾಹ್ನದ ಬೆಳಕು ಅವರ ಮುಖದ ಮೇಲಿತ್ತು. ತುಟಿ ಎಷ್ಟು ಬೆಳ್ಳಗಿವೆ ಅಂತ ನಾನು ಆಗ ನೋಡಿದೆ. ಮೆಟ್ಟಿಲು ಹತ್ತುವಾಗ ಅವರೂ ನಡುವೆ ನಿಲ್ಲುತ್ತಾರೆ. ಚಹಾ ಅವರೂ ದಿನಕ್ಕೆ ಐದು ಸಲ ಕುಡಿಯುತ್ತಾರೆ. ಮೂವತ್ತು ವರ್ಷದಿಂದ ಪಾತ್ರೆಯ ತಳ ಉಂಡವರು ಅವರು. ಸಿಸ್ಟರ್‌ಗೆ ಹೇಳಿದೆ. ಅವರು ಎಬ್ಬಿಸಿ, ಬೆರಳು ಚುಚ್ಚಿ ನೋಡಿದರು. 9.1. ಮುಟ್ಟು ಇನ್ನೂ ನಿಂತಿಲ್ಲ, ಜಾಸ್ತಿ ಹೋಗುತ್ತೆ ಅನ್ನುವುದೂ ಆಗಲೇ ಗೊತ್ತಾಯಿತು. ಅದಕ್ಕೆ ಬೇರೆ ಪರೀಕ್ಷೆ ಮಾಡಿಸಲು ಹೇಳಿದರು. ಅತ್ತೆ ನಾಚಿಕೊಂಡರು. "ನನಗ್ಯಾಕ ಈಗ? ನಾ ಏನ ಬಸುರಿನ?" ಅಂದರು.

ಆ ದಿನದಿಂದ ರಾತ್ರಿ ನಾವಿಬ್ಬರೂ ಎದುರುಬದುರು ಕೂತು ಗುಳಿಗೆ ನುಂಗುತ್ತಿದ್ದೆವು. ಒಬ್ಬರು ಮರೆತರೆ ಇನ್ನೊಬ್ಬರು ನೆನಪಿಸುವುದು.

ದಸರೆ ಮುಗಿದು ಸೀಗಿ ಹುಣ್ಣಿಮೆ ಬಂತು. ಬೀಳಗಿ ಕಡೆ ನಮ್ಮದು ಹಿನ್ನೀರಿಗೆ ಹೋಗದೆ ಉಳಿದ ಎರಡು ಎಕರೆ ಹೊಲ ಇದೆ. ಹೊಲಕ್ಕೆ ಚರಗ ಚೆಲ್ಲಲು ಎಲ್ಲರೂ ಹೊರಟೆವು. ಏಳು ತಿಂಗಳಾಗುತ್ತಾ ಬಂದಿತ್ತು. ಟಂಟಂ ಕುಲುಕಾಡುತ್ತೆ ಅಂತ ಅತ್ತೆ ನನ್ನ ಕೆಳಗೆ ಮಡಿಚಿದ ಕೌದಿ ಹಾಕಿದರು. ತೊಗರಿ ಎದೆಮಟ್ಟ ನಿಂತು ಹಳದಿ ಹೂ ಬಿಟ್ಟಿತ್ತು. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆ, ಬಾನ.

ಗೊತ್ತಲ್ವಾ, ಸೀಗಿ ಹುಣ್ಣಿಮೆ ಅಂದರೆ ನಮ್ಮ ಕಡೆ ಭೂಮಿತಾಯಿ ಬಸುರಿ ಅನ್ನುವ ನಂಬಿಕೆ. ಪೈರು ತುಂಬಿ ನಿಂತವಳಿಗೆ ಬಯಕೆಯ ಊಟ. ಪೂಜೆ ಮಾಡಿ, ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಆಮೇಲೆ ಮನೆಮಂದಿ ಉಣ್ಣುವುದು. ಮಾವ ಮುಂದೆ ಚರಗ ಚೆಲ್ಲುತ್ತಾ ಹೋದರು, ಮೈದುನ ಹಿಂದೆ ನೀರು ಚಿಮುಕಿಸುತ್ತಾ ಹೋದ. ಅತ್ತೆ ಬನ್ನಿ ಗಿಡದ ಕೆಳಗೆ ನನ್ನ ಪಕ್ಕ ಕೂತು ನೋಡುತ್ತಿದ್ದರು.

"ನೋಡಿದಿ ಇಲ್ಲ?" ಅಂದರು. "ಭೂಮಿ ಬಸುರಿ ಅಂತ ಆಕಿಗೆ ಮೊದಲ ಉಣಸ್ತೇವಿ. ಮನ್ಯಾಗಿನ ಬಸುರಿನ್ನ ಕಡೀಕ ಕುಂಡರಸತಿದ್ವಿ."

ನಾನು ಕೂತಲ್ಲೇ ಒಂದು ಹೆಂಟೆ ಎರಿ ಮಣ್ಣು ಕೈಗೆ ತಗೊಂಡೆ. ರಾತ್ರಿಯ ಮಳೆಗೆ ಒಳಗೆ ಇನ್ನೂ ಹಸಿ ಇತ್ತು. ಮೂಗಿನ ಹತ್ತಿರ ಹಿಡಿದೆ. ಒಳ್ಳೆಯ ವಾಸನೆ. ತಿನ್ನಬೇಕು ಅನ್ನಿಸಲಿಲ್ಲ. ಬಳಪದ ಡಬ್ಬಿಯೂ ಪರ್ಸಿನಲ್ಲಿ ಯಾವಾಗಿನಿಂದಲೋ ಹಾಗೇ ಬಿದ್ದಿತ್ತು. ಮುಂದಿನ ಸಲ ರಕ್ತ ನೋಡಿದಾಗ 10.6 ಇತ್ತು.

ಅದಾದ ವಾರಕ್ಕೆ ಕುಬಸದ ಶಾಸ್ತ್ರ, ನಮ್ಮ ಕಡೆಯ ಸೀಮಂತ. ನನ್ನ ತವರು ಗುಳೇದಗುಡ್ಡ. ಅಪ್ಪ ಕುಣಿಮಗ್ಗದಲ್ಲಿ ರವಿಕೆಯ ಖಣ ನೇಯುತ್ತಾರೆ. ಕುಬಸ ಅಂದರೇ ರವಿಕೆ. ಊರೂರಿನ ಬಸುರಿಯರಿಗೆ ಖಣ ನೇಯ್ದ ಅಪ್ಪ ಈ ಸಲ ಮಗಳಿಗೆ ನೇಯ್ದು ತಂದಿದ್ದರು. ಹಸಿರು ಮೈ, ಕೆಂಪು ಅಂಚು. ನನ್ನ ಕೈಗೆ ಕೊಡುವಾಗ ಏನೂ ಹೇಳಲಿಲ್ಲ, ಅಂಚನ್ನು ಒಂದು ಸಲ ಬೆರಳಲ್ಲಿ ಸವರಿ ಕೊಟ್ಟರು. ಹಸಿರು ಸೀರೆ, ಹಸಿರು ಬಳೆ, ತಲೆ ತುಂಬ ಹೂ. ಉಡಿ ತುಂಬಿದರು. ಹಿರಿಯರು ಹಾಡು ಹೇಳಿದರು. ಊಟದ ಹೊತ್ತಿಗೆ ಮೊದಲ ತಾಟು ನನ್ನದು. ಆ ದಿನ ಎಲ್ಲ ಬಸುರಿಯರಿಗೂ ಮೊದಲ ತಾಟು ಸಿಗುತ್ತದೆ. ಮರುದಿನ ಏನಾಗುತ್ತೆ ಅನ್ನುವುದೇ ನನಗೆ ಈಗ ಎಲ್ಲ ಕುಬಸದಲ್ಲೂ ಬರುವ ಯೋಚನೆ.

ಚೊಚ್ಚಲ ಹೆರಿಗೆ ತವರಲ್ಲಿ ಅನ್ನುವುದು ನಮ್ಮಲ್ಲಿ ಇದ್ದದ್ದೇ. ನವೆಂಬರಿನಲ್ಲಿ ರಜೆ ಹಾಕಿ ಗುಳೇದಗುಡ್ಡಕ್ಕೆ ಬಂದೆ. ಹೆರಿಗೆ ಮಾತ್ರ ಬಾಗಲಕೋಟೆಯಲ್ಲೇ, ಮೊದಲಿಂದ ನೋಡಿದ ಡಾಕ್ಟರ್ ಹತ್ತಿರ ಅಂತ ನಿರ್ಧಾರವಾಯಿತು. 36ನೇ ವಾರದಲ್ಲಿ 11.1. ಈಗ ಡಿಸೆಂಬರ್ ಮೊದಲ ವಾರ. ಚೀಲ ಸಿದ್ಧ ಇದೆ. ತಾಯಿ ಕಾರ್ಡ್, ರಿಪೋರ್ಟುಗಳು, ನನ್ನ ಗುಂಪಿನ ರಕ್ತ ಇರುವ ಇಬ್ಬರ ಫೋನ್ ನಂಬರ್, ಹಳೇ ಮೆತ್ತನೆ ಸೀರೆಯ ತುಂಡು, ಕುಲಾಯಿ. ಅತ್ತೆ ತಮ್ಮ ಹಳೇ ಇಳಕಲ್ ಸೀರೆ ಕತ್ತರಿಸಿ ಹೊಲಿದ ಪುಟ್ಟ ಕೌದಿ. ಅದರ ನಡುವೆ ನನ್ನ ಕುಬಸದ ಖಣದಲ್ಲಿ ಉಳಿದ ಒಂದು ಚೌಕ ಕೂರಿಸಿದ್ದಾರೆ.

ರಾತ್ರಿ ಒಂಬತ್ತಕ್ಕೆ ಅತ್ತೆಯ ಫೋನ್ ಬರುತ್ತದೆ. "ಉಂಡ್ಯಾ?" "ಉಂಡೆ. ನೀವು?" "ಈಗ ಎಲ್ಲಾರೂ ಕುಂತೇವಿ." ಹಿಂದಿನಿಂದ ತಾಟಿನ ಸದ್ದು ಕೇಳುತ್ತದೆ.

ಇಲ್ಲಿ ಅವ್ವ ಬೆಳಿಗ್ಗೆಯಿಂದ ಮಗ್ಗಕ್ಕೆ ನೂಲಿನ ಕಂಡಿಕಿ ಸುತ್ತಿ, ಅಡುಗೆ ಮಾಡಿ, ಅಪ್ಪನಿಗೆ ತಮ್ಮನಿಗೆ ಬಡಿಸಿ, ನನಗೆ ತುಪ್ಪ ಸುರಿದು ಬಡಿಸಿ, ಎಲ್ಲ ಮುಗಿದ ಮೇಲೆ ಪಾತ್ರೆ ಬಗ್ಗಿಸಿ ನೋಡುತ್ತಾಳೆ. ನಿನ್ನೆ ಅವಳ ಕೈ ಹಿಡಿದು ಕೂರಿಸಿದೆ. ಉಗುರು ನೋಡಿದೆ. ಬೆಳ್ಳಗಿವೆ. ಮುಂದಿನ ವಾರ ನನ್ನ ತಪಾಸಣೆಗೆ ಹೋಗುವಾಗ ಅವಳ ರಕ್ತವನ್ನೂ ತೋರಿಸಬೇಕು ಅಂತಿದ್ದೇನೆ. ಅವ್ವ ಇನ್ನೂ ಒಪ್ಪಿಲ್ಲ.